9 ಲಕ್ಷದ ಹೆರಾಲ್ಡ್ ಕನ್ವರ್ಟಿಬಲ್: ರೇಟ್ ಮಾತಾಡೋ ಮುಂಚೆ ಹುಡ್ ಹಾಕಿಸಿ ನೋಡಿ

ಗೋವಾದ ಮಡಗಾಂವಲ್ಲಿ 1964ರ ಕೆಂಪು ಟ್ರಯಂಫ್ ಹೆರಾಲ್ಡ್ ಕನ್ವರ್ಟಿಬಲ್ (ಹುಡ್, ಅಂದ್ರೆ ಹಿಂದಕ್ಕೆ ಮಡಚೋ ಬಟ್ಟೆ ಚಾವಣಿ ಇರೋ ಕಾರು) ಇದೆ, 9 ಲಕ್ಷ ಹೇಳ್ತಿದಾರೆ, ಪುಣೆಗೆ ತಂದ್ರೆ ಅಷ್ಟು ಬಾಳುತ್ತಾ ಅಂತ ಕೇಳಿದೀರ. ಊರು, ಬಣ್ಣ ಬಿಟ್ರೆ ಇದು ನನ್ನದೇ ಕಥೆ. ನಂದು ಬಿಳಿ ಗಾಡಿ, ಸಿಕ್ಕಿದ್ದು ಮುಂಬೈ ಮಾಟುಂಗದಲ್ಲಿ, ಕೊಟ್ಟಿದ್ದು ಆರೂವರೆ ಲಕ್ಷ.

ಮಾರಿದವರು ಉಡುಪಿ ಕಡೆಯವರು, ವಯಸ್ಸಾದವರು. ನಾನು ಕನ್ನಡದವನು ಅಂತ ಗೊತ್ತಾದ ಕೂಡ್ಲೇ ಒಳಗೆ ಕರ್ದು ಕೂರ್ಸಿ ಕಾಫಿ ಕೊಟ್ರು, ಮನೆಯವರೆಲ್ಲ ಬಂದು ಮಾತಾಡ್ಸಿದ್ರು. ಗಾಡಿ ಕೆಳಗೆ ನೆರಳಲ್ಲಿ ನಿಂತಿತ್ತು, ಹುಡ್ ಹಿಂದೆ ಮಡಚಿ ಅದರ ಮೇಲೆ ಕವರ್ ಹಾಕಿ ಬಟನ್ ಒತ್ತಿಟ್ಟಿದ್ರು. ಹೆರಾಲ್ಡ್ ಬಾನೆಟ್ ಗೊತ್ತಲ್ಲ, ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗ ಮುಂದಕ್ಕೆ ಎದ್ದು ಬಾಗುತ್ತೆ, ಅದನ್ನ ಎತ್ತಿ ಇಂಜಿನ್ ತೋರಿಸ್ದ್ರು, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು, ಕಿಂಗ್ಸ್ ಸರ್ಕಲ್ ಒಂದು ಸುತ್ತು ಹೊಡೆದ್ವಿ. ಹುಡ್ ಒಂದ್ಸಲ ಹಾಕಿ ತೋರಿಸ್ತೀರಾ ಅಂದೆ. "ಮಾರಾಯ್ರೆ, ಈ ಬಿಸಿಲಿಗೆ ಹುಡ್ ಯಾಕೆ ಹಾಕುದು, ಕ್ಯಾನ್ವಾಸ್ ಹಳತು, ಎಳೆದ್ರೆ ಹರಿತದೆ" ಅಂದ್ರು. ಹಿರಿಯರು, ನಮ್ಮೋರು, ಇಷ್ಟು ಮರ್ಯಾದೆ ಕೊಟ್ಟಿದಾರೆ, ಮತ್ತೆ ಮತ್ತೆ ಕೇಳೋಕೆ ಸಂಕೋಚ ಆಯ್ತು, ಬಿಟ್ಟೆ.

ನಾನು ತಪ್ಪಿದ್ದು ಅಲ್ಲೇ, ಅಲ್ಲಿ ಒಂದೇ ಕಡೆ, ಅದಕ್ಕೇ ಇದನ್ನ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಇಂಜಿನ್ ನೋಡಿದ್ದೆ, ಗೇರ್‌ಬಾಕ್ಸ್ ನೋಡಿದ್ದೆ, ಅಡಿಗೆ ಮಲಗಿ ಚಾಸಿಸ್ (ಗಾಡಿ ಅಡಿಯ ಚೌಕಟ್ಟು) ಕೂಡ ನೋಡಿದ್ದೆ. ಹುಡ್ ಹಾಕಿಸಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಹೊರಗೆ ಬರ್ತಿತ್ತು. ಕಂಪನಿಯಿಂದ್ಲೇ ಕನ್ವರ್ಟಿಬಲ್ ಆಗಿ ಬಂದ ಗಾಡಿಲಿ ಹುಡ್ ಫ್ರೇಮ್ ಮುಂದಿನ ಗಾಜಿನ ಮೇಲಂಚಿಗೆ ಬಂದು ಕೂತು ಲಾಕ್ ಆಗುತ್ತೆ, ಅದಕ್ಕೆ ಜಾಗ ಮಾಡಿರ್ತಾರೆ, ಎರಡೂ ಕಡೆ ಒಂದೇ ಸಮ ಇರುತ್ತೆ. ನನ್ನ ಗಾಡಿಲಿ ಹುಡ್ ಫ್ರೇಮ್ ಅಂದ್ರೆ ಯಾರೋ ವೆಲ್ಡಿಂಗ್ ಅಂಗಡಿಯವರು ಚೌಕ ಪೈಪ್ ಬಗ್ಗಿಸಿ ಮಾಡಿದ್ದು. ಎಳೆದ್ರೆ ಎಡಗಡೆ ಗಾಜಿಗೆ ಮುಟ್ಟೋದು, ಬಲಗಡೆ ಎರಡು ಬೆರಳು ತೂರುವಷ್ಟು ಸಂದು ಉಳಿಯೋದು. ಲಾಕ್ ಇಲ್ಲ, ಒಂದು ಚರ್ಮದ ಬೆಲ್ಟ್ ಕಟ್ಟಿದ್ರು. ಇದನ್ನ ನಾನು ಮೊದಲ ಸಲ ನೋಡಿದ್ದು ಜೂನ್‌ನಲ್ಲಿ, ಹಳೇ ಹೈವೇಲಿ ಖಂಡಾಳ ಘಾಟ್ ಹತ್ತುವಾಗ ಮಳೆ ಹಿಡಿದಾಗ. ನೀರು ಸೀದಾ ತೊಡೆ ಮೇಲೆ, ಡ್ಯಾಶ್‌ಬೋರ್ಡ್ ಒಳಗೆ, ಲೋಣಾವಳ ಮುಟ್ಟೋ ಹೊತ್ತಿಗೆ ವೈಪರ್ ನಿಂತೋಯ್ತು, ಗಾಡಿ ಒಂದು ಪೆಟ್ರೋಲ್ ಬಂಕಲ್ಲಿ ಬಿಟ್ಟು ಬಸ್ಸಲ್ಲಿ ಮನೆಗೆ ಬಂದೆ.

ಪುಣೆಲಿ ನಾನಾ ಪೇಠ್ ಆಚೆ ಗಲ್ಲಿಲಿ ವಿಜಯಪುರದ ಕಡೆ ಕಾಕಾ ಒಬ್ರು ಹಳೇ ಗಾಡಿ ಕೆಲಸ ಮಾಡ್ತಾರೆ. ವೈರಿಂಗ್ ನೋಡಿ ಅಂತ ಕೊಟ್ಟೆ. ಅವರು ವೈರಿಂಗ್ ಮುಟ್ಲೇ ಇಲ್ಲ, ಗಾಜಿನ ಮೇಲಂಚಿಗೆ ಸ್ಕ್ರೂಡ್ರೈವರ್ ತುದಿ ಇಟ್ಟು ಪೇಂಟ್ ಕೆರೆದ್ರು. ಪುಟ್ಟಿ ಉದುರ್ತು, ಒಳಗೆ ದುಂಡಗೆ ಬೋಲ್ಟ್ ತೂತು. ಸ್ವಲ್ಪ ಪಕ್ಕಕ್ಕೆ ಇನ್ನೊಂದು. "ಸರ, ಇದು ಹುಟ್ಟಾ ಕನ್ವರ್ಟಿಬಲ್ ಅಲ್ರೀ. ಸಲೂನ್ ಐತಿ, ಚಾವಣಿ ಬಿಚ್ಯಾರ" ಅಂದ್ರು. ಸಲೂನ್ ಅಂದ್ರೆ ಗಟ್ಟಿ ಚಾವಣಿ ಇರೋ ಮಾಮೂಲಿ ಕಾರು.

ಹೆರಾಲ್ಡ್‌ಲಿ ಇದು ಯಾಕಿಷ್ಟು ಸುಲಭ ಅಂದ್ರೆ, ಆ ಗಾಡಿ ಹುಟ್ಟಿದ್ದೇ ಹಾಗೆ. ಹೆರಾಲ್ಡ್ ಮಾಡಿದ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟ್ರಯಂಫ್‌ಗೆ ಬಾಡಿ ಮಾಡಿ ಕೊಡ್ತಿದ್ದ ಫಿಶರ್ ಅಂಡ್ ಲಡ್ಲೋ ಕಂಪನಿನ 1953ರಲ್ಲಿ ಎದುರಾಳಿ ಕಾರು ಕಂಪನಿ ಬಿಎಂಸಿ ಕೊಂಡ್ಕೊಳ್ತು, ಇಡೀ ಬಾಡಿ ಒಂದೇ ಕಡೆ ಮಾಡಿಸೋ ದಾರಿ ಮುಚ್ಚಿತು. ಅದಕ್ಕೆ ಟ್ರಯಂಫ್‌ನವರು ಬಾಡಿಯಿಂದ ಪ್ರತ್ಯೇಕವಾದ ಚಾಸಿಸ್ ಇಟ್ಟು, ಬಾಡಿನ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟ್ ಹಾಕಿ ಜೋಡಿಸಿದ್ರು. ಡಿಸೈನ್ ಇಟಲಿಯ ಮಿಕೆಲೊಟ್ಟಿದು, 1959ರಲ್ಲಿ ಮೊದಲು ಬಂತು, ಕನ್ವರ್ಟಿಬಲ್ 1960ರಲ್ಲಿ. ಚಾವಣಿನೂ ಬೋಲ್ಟ್ ಮೇಲೇ ನಿಂತಿರೋದು, ಸ್ಪಾನರ್ ಇದ್ರೆ ಸಾಕು. ನಮ್ಮಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಮಾಡಿದ ಹೆರಾಲ್ಡ್‌ಗಳು ಬಹುತೇಕ ಸಲೂನೇ. ಆಮೇಲೆ ನಾಲ್ಕು ಬಾಗಿಲಿಂದೂ ಬಂತು, ಅದು ಇಲ್ಲಿ ಮಾತ್ರ ಇದ್ದದ್ದು, ನಾಲ್ಕು ಬಾಗಿಲ ಹೆರಾಲ್ಡ್‌ಗೆ ಚಾವಣಿ ಇಲ್ಲ ಅಂದ್ರೆ ನೋಡೋದೇ ಬೇಡ, ವಾಪಸ್ ಬನ್ನಿ.

ಮೋಸ ಅಂತ ನಾನು ಆ ಹಿರಿಯರನ್ನ ಅನ್ನಲ್ಲ, ಅವರು ಕೊಂಡಾಗ್ಲೇ ಹಾಗಿತ್ತಂತೆ. ಆದ್ರೆ ಆರ್‌ಸಿ (ನೋಂದಣಿ ಪತ್ರ) ರಿನ್ಯೂಗೆ ಅಂತ ಪಾಸಿಂಗ್‌ಗೆ, ಅಂದ್ರೆ ಆರ್‌ಟಿಒ ತಪಾಸಣೆಗೆ ಹೋದಾಗ ಇನ್ಸ್‌ಪೆಕ್ಟರ್ ಕಾಗದ ನೋಡಿದ್ರು, ಗಾಡಿ ನೋಡಿದ್ರು, ಬಾಡಿ ಟೈಪ್ ಸಲೂನ್ ಅಂತಿದೆ ಚಾವಣಿ ಎಲ್ಲಿ ಅಂದ್ರು. ಅವರು ಕೇಳಿದ್ದು ಸರಿನೇ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಮಾಡಿದ್ದಕ್ಕೂ ಆರ್‌ಸಿಲಿರೋದಕ್ಕೂ ತಾಳೆ ಆಗದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಗಾಡಿ ಪಾಸ್ ಆಗ್ಲಿಲ್ಲ.

ಕೊನೆಗೆ ಏನ್ ಮಾಡ್ದೆ ಅಂದ್ರೆ, ಮುಂಬೈ ಕುರ್ಲಾದ ಗುಜರಿಗಳಲ್ಲಿ ಅಲೆದು ಒಂದು ಹೆರಾಲ್ಡ್ ಚಾವಣಿ ಹುಡುಕಿ ಟೆಂಪೋದಲ್ಲಿ ತಂದೆ, ಕಾಕಾ ಅದನ್ನ ಕೂರಿಸಿದ್ರು, ಬಾಗಿಲು ಮತ್ತೆ ಸರಿಯಾಗಿ ಹಾಕ್ಕೊಳ್ಳೋಕೆ ಶುರುವಾಯ್ತು, ಪಾಸಿಂಗ್ ಆಯ್ತು. ಈಗ ಅದು ಒಳ್ಳೇ ಸಲೂನ್, ನಂಗೆ ಪ್ರಾಣ. ಆದ್ರೆ ಆರೂವರೆ ಲಕ್ಷದ ಸಲೂನ್ ಅಲ್ಲ ಅದು, ಆ ವ್ಯತ್ಯಾಸ ನಂಗೆ ಯಾವತ್ತೂ ವಾಪಸ್ ಬರಲ್ಲ.

ಈಗ ನಿಮ್ಮ ವಿಷಯ. 9 ಲಕ್ಷ ಹೆಚ್ಚೋ ಕಮ್ಮಿಯೋ ಅನ್ನೋ ಪ್ರಶ್ನೆನೇ ಈಗ ಬೇಡ. ಅದು ಕನ್ವರ್ಟಿಬಲ್ ಹೌದೋ ಅಲ್ವೋ ಗೊತ್ತಾಗೋ ತನಕ ಯಾವ ರೇಟಿಗೂ ಅರ್ಥ ಇಲ್ಲ, ಟೋಕನ್ ಅಂತ ಸಾವಿರ ರೂಪಾಯಿನೂ ಕಳಿಸ್ಬೇಡಿ. ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಹೊರದೇಶದ ಗಾಡಿ ಧಾರಾಳವಾಗಿ ಬರ್ತಿದ್ವು, ಅದನ್ನ ಹೇಳ್ಕೊಂಡೇ ಅಲ್ಲಿ ಹಳೇ ಗಾಡಿಗೆಲ್ಲ ರೇಟ್ ಏರಿಸ್ತಾರೆ. ನಿಮ್ಮದು 1964ರದ್ದು ಅಂತಿದೀರ, ಗೋವಾ ವಿಮೋಚನೆ ಆಗಿದ್ದು 1961ರ ಡಿಸೆಂಬರ್, ಹಾಗಾಗಿ ಆ ಕಥೆ ಈ ಗಾಡಿಗೆ ಕೂರಲ್ಲ. ನಿಜವಾಗ್ಲೂ ಇಂಗ್ಲೆಂಡಿಂದ ಬಂದಿದ್ರೆ ಕಮಿಷನ್ ನಂಬರ್ (ಕಂಪನಿ ಗಾಡಿಗೆ ಕೊಟ್ಟ ನಂಬರ್) ಇರೋ ತಗಡಲ್ಲಿ ಆ ನಂಬರ್ ಕೊನೆಗೆ ಸಿವಿ ಅಂತ ಇರ್ಬೇಕು, ಅದು ಕನ್ವರ್ಟಿಬಲ್ ಗುರುತು, ಡಿಎಲ್ ಇದ್ರೆ ಸಲೂನ್.

ಹೋದಾಗ ಮೊದಲು ಹುಡ್ ಹಾಕಿಸಿ, ಹರಿದ್ರೆ ಹೊಸ ಕ್ಯಾನ್ವಾಸ್ ದುಡ್ಡು ನಾನ್ ಕೊಡ್ತೀನಿ ಅಂತ ಹೇಳಿಯಾದ್ರೂ ಹಾಕಿಸಿ. ಹುಡ್ ಹಾಕಿದ್ಮೇಲೆ ಒಂದು ಬಕೆಟ್ ನೀರು ಕೇಳಿ ಗಾಜಿನ ಮೇಲಂಚಿಗೆ ಹುಯ್ಯಿರಿ, ಒಳಗೆ ಕೂತು ನೋಡಿ. ಗಾಜಿನ ಅಂಚಲ್ಲಿ, ಹಿಂದಿನ ಸೀಟಿನ ಹಿಂದೆ ಪುಟ್ಟಿ ತುಂಬಿದ ಜಾಗ ಇದೆಯಾ ಆಯಸ್ಕಾಂತ ಇಟ್ಟು ನೋಡಿ, ಪುಟ್ಟಿ ಮೇಲೆ ಅದು ಹಿಡಿಯಲ್ಲ. ಆಮೇಲೆ ಒಂದು ಪಕ್ಕ ಜ್ಯಾಕ್ ಹಾಕಿ ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಚಾಸಿಸ್ ಗಟ್ಟಿ ಇದ್ರೆ ಬಾಗಿಲು ಹಿಡಿಯಲ್ಲ, ತುಕ್ಕು ತಿಂದಿದ್ರೆ ಬಾಗಿಲ ಮೇಲಿನ ಸಂದು ಕಣ್ಣೆದುರೇ ಕಿರಿದಾಗುತ್ತೆ. ಸಮುದ್ರದ ಉಪ್ಪು ಗಾಳಿಲಿ ಇಷ್ಟು ವರ್ಷ ನಿಂತ ಗಾಡಿ ಅದು, ಚಾಸಿಸ್‌ನಿಂದ ಪಕ್ಕಕ್ಕೆ ಚಾಚಿರೋ ತೋಳುಗಳನ್ನ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ, ಮಾಲೀಕರಿಗೆ ಬೇಜಾರಾದ್ರೂ ಪರ್ವಾಗಿಲ್ಲ.

50 ವರ್ಷ ದಾಟಿದೆ, ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿ ವೀಕೆಂಡಲ್ಲಿ ಓಡಿಸ್ತೀನಿ, ನಾಲ್ಕು ವರ್ಷದಲ್ಲಿ ರೇಟ್ ಡಬಲ್ ಅಂತ ಬರ್ದಿದೀರಲ್ಲ, ಅದನ್ನ ತಲೆಯಿಂದ ತೆಗೀರಿ. 2021ರ ನಿಯಮದಲ್ಲಿ ಗಾಡಿ ಮೂಲ ರೂಪದಲ್ಲೇ ಇರ್ಬೇಕು, ಬಾಡಿ, ಚಾಸಿಸ್, ಇಂಜಿನ್ ಬದಲಾಗಿರ್ಬಾರದು, ಚಾವಣಿ ಬಿಚ್ಚಿದ್ದು ಅಲ್ಲಿ ನಿಲ್ಲಲ್ಲ. ನಿಂತ್ರೂ ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ಸರ್ವಿಸ್ ಅಂತಷ್ಟೇ ರಸ್ತೆಗೆ ಇಳಿಸ್ಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಮಾಮೂಲಿ ರಿಜಿಸ್ಟ್ರೇಷನಲ್ಲೇ ಗೋವಾದಿಂದ ಎನ್‌ಒಸಿ ತಂದು ಮಹಾರಾಷ್ಟ್ರಕ್ಕೆ ಮಾಡಿಸ್ಕೊಂಡ್ರೆ ಓಡಿಸ್ಬಹುದು, ಆದ್ರೆ ಅಲ್ಲೂ ಗಾಡಿ ನೋಡಿ ಆರ್‌ಸಿ ಜೊತೆ ತಾಳೆ ಹಾಕ್ತಾರೆ. ಇನ್ನು ಲಾಭಕ್ಕೆ ಅಂತ ಇಂಥ ಗಾಡಿ ತಗೋಬೇಡಿ, ಹಾಗೆ ತಗೊಂಡವರು ಓಡಿಸಲ್ಲ, ಓಡದ ಗಾಡಿ ಕೆಡುತ್ತೆ.

ಹುಟ್ಟಾ ಕನ್ವರ್ಟಿಬಲ್ ಆಗಿ, ಆರ್‌ಸಿಲೂ ಹಾಗೇ ಇದ್ದು, ಚಾಸಿಸ್ ಗಟ್ಟಿ ಇದ್ರೆ 9 ಲಕ್ಷಕ್ಕೆ ನಾನು ಚೌಕಾಶಿನೇ ಮಾಡಲ್ಲ, ತಗೊಂಡ್ಬಿಡ್ತೀನಿ. ಚಾವಣಿ ಬಿಚ್ಚಿದ್ದಾದ್ರೆ ಸಲೂನ್ ರೇಟಲ್ಲಿ ಹೊಸ ಚಾವಣಿ ಹುಡುಕಿ ಕೂರಿಸೋ ಖರ್ಚು, ಪೇಂಟ್ ಖರ್ಚು ಕಳೆದು ಹೇಳಿ, ಒಪ್ಪದಿದ್ರೆ ಎದ್ದು ಬನ್ನಿ. ಇವತ್ತೇ ಫೋನ್ ಮಾಡಿ ಆರ್‌ಸಿದು ಎರಡೂ ಕಡೆ ಫೋಟೋ ತರಿಸ್ಕೊಳ್ಳಿ, ಬಾಡಿ ಟೈಪ್ ಮುಂದೆ ಏನಿದೆ ನೋಡಿ, ಆಮೇಲೆ ಮಡಗಾಂವ್ ಟಿಕೆಟ್ ಮಾಡಿಸಿ.