'ಬಾಯೇ ಮುಡ್' ಒಂಬತ್ತನೇ ಪುಟದಲ್ಲಿ ಯಾಕಿದೆ?

ನಮಸ್ಕಾರ ಸಾರ್ಜೆಂಟ್ ಸಾಹೇಬರೇ,

ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಪಡೆದ ದಿನಗಳ ಬಗ್ಗೆ ನೀವು ಕಳಿಸಿದ ಹನ್ನೆರಡು ಪುಟ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಲೂ ಮನಸ್ಸಿಲ್ಲ. ಒಂಬತ್ತನೇ ಪುಟ ಓದುವಾಗ ಆಫೀಸಿನಲ್ಲಿ ಒಬ್ಬನೇ ಜೋರಾಗಿ ನಕ್ಕುಬಿಟ್ಟೆ. ಅದಕ್ಕೇ ಈ ಕಾಗದ.

ಮೊದಲ ಮೂರು ಪುಟ ತೆಗೆದುಬಿಡಿ. 1932ರ ಅಕ್ಟೋಬರ್ 8ರಂದು ವಾಯುಪಡೆ ಹುಟ್ಟಿದ್ದು, ಮರುವರ್ಷ ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಮೊದಲ ಸ್ಕ್ವಾಡ್ರನ್ ಶುರುವಾಗಿದ್ದು, ವಾಯುಪಡೆಯ ಧ್ಯೇಯವಾಕ್ಯ 'ನಭಃ ಸ್ಪೃಶಂ ದೀಪ್ತಮ್' ಭಗವದ್ಗೀತೆಯ ಹನ್ನೊಂದನೇ ಅಧ್ಯಾಯದ್ದು ಎನ್ನುವುದು, ಎಲ್ಲ ಸರಿ. ಇದನ್ನು ಯಾರು ಬೇಕಾದರೂ ಬರೆದಾರು. ಬೆಳಗಾವಿಯ ಜುಲೈ ಮಳೆಯಲ್ಲಿ ಬೂಟು ಒಣಗಿಸಲು ಪಟ್ಟ ಪಾಡನ್ನು ನೀವೇ ಬರೆಯಬೇಕು. ಅದಕ್ಕೆ ಕೊಟ್ಟಿರುವುದು ಅರ್ಧ ಸಾಲು!

ಇನ್ನು ಒಂಬತ್ತನೇ ಪುಟ. ಹದಿನೆಂಟರ ಹುಡುಗ. ಹಿಂದಿ ಅಂದರೆ ಸಿನಿಮಾ ಹಾಡು ಅಷ್ಟೇ ಗೊತ್ತು. ಡ್ರಿಲ್ ಇನ್‌ಸ್ಟ್ರಕ್ಟರ್ 'ಬಾಯೇ ಮುಡ್' ಅಂತ ಕೂಗುತ್ತಾರೆ. ಇಡೀ ಸ್ಕ್ವಾಡ್ ಎಡಕ್ಕೆ ತಿರುಗುತ್ತದೆ. ಇವನೊಬ್ಬ ತುಟಿ ಬಿಗಿಯಾಗಿ ಮುಚ್ಚಿಕೊಂಡು ನೆಟ್ಟಗೆ ನಿಂತಿದ್ದಾನೆ. ಲೇಖನ ಇಲ್ಲಿಂದಲೇ ಶುರುವಾಗಬೇಕಿತ್ತು. ಆದರೆ ನೀವು ಮುಂದಿನ ಸಾಲಲ್ಲೇ 'ಬಾಯೇ ಎಂದರೆ ಎಡಕ್ಕೆ, ನಾನು ಅದನ್ನು ಕನ್ನಡದ ಬಾಯಿ ಎಂದುಕೊಂಡೆ, ಹಹಹ!' ಅಂತ ಬರೆದಿದ್ದೀರಿ. ಸ್ಕ್ವಾಡ್ ಎಡಕ್ಕೆ ತಿರುಗಿದಾಗಲೇ ಓದುಗರಿಗೆ ಅರ್ಥವಾಗಿದೆ ಸಾರ್. ಮತ್ತೆ ಬಿಡಿಸಿ ಹೇಳಿದರೆ ನಗು ಸತ್ತುಹೋಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 'ಆ ಸುವರ್ಣ ದಿನಗಳು' ಅನ್ನುವುದು ಏಳು ಸಲ ಬಂದಿದೆ, ಎಣಿಸಿದ್ದೇನೆ. ಆವತ್ತು ಆ ಹುಡುಗನಿಗೆ ಹಾಗೆ ಅನಿಸಿತ್ತಾ? ಇನ್‌ಸ್ಪೆಕ್ಷನ್ನಿನ ಹಿಂದಿನ ರಾತ್ರಿ, ಕಷ್ಟಪಟ್ಟು ಮಡಿಸಿಟ್ಟ ಹಾಸಿಗೆ ಕೆಡಬಾರದು ಅಂತ ಬರೀ ನೆಲದ ಮೇಲೆ ಮಲಗಿದ್ದಾನೆ. ಅದಕ್ಕೂ ಮುಂಚೆ ಒದ್ದೆ ಹತ್ತಿಯಲ್ಲಿ ಪಾಲಿಶ್ ಉಜ್ಜಿ ಉಜ್ಜಿ, ಬೂಟಿನ ಮೂತಿಯಲ್ಲಿ ತನ್ನ ಮುಖ ಕಾಣುತ್ತದಾ ಅಂತ ಬಗ್ಗಿ ನೋಡಿದ್ದಾನೆ. ಅವನಿಗೆ ನಗು ಬಂದಿರಲಿಲ್ಲ, ಅಳು ಬಂದಿರಬೇಕು. ಅವನನ್ನು ಅವನಷ್ಟಕ್ಕೆ ಬಿಡಿ. ನಿವೃತ್ತರಾದ ನೀವು ನಡುವೆ ಬಂದು 'ಈಗ ನೆನೆದರೆ ನಗು ಬರುತ್ತದೆ' ಅಂದ ತಕ್ಷಣ ಅವನು ಮಾಯವಾಗುತ್ತಾನೆ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಔಟ್‌ಪಾಸನ್ನು 'ಬಹಿರ್ಗಮನ ಅನುಮತಿ ಪತ್ರ' ಮಾಡಿದ್ದೀರಿ. ಭಾನುವಾರ ಪೇಟೆಗೆ ಹೋಗಿ ಕುಂದಾ ತಿಂದು ಬಂದವರು ಯಾರಾದರೂ ಹಾಗೆ ಅಂತಾರಾ? ನೀವೆಲ್ಲ ಮಲಗುತ್ತಿದ್ದ ಬಿಲ್ಲೆಟ್ ಬಿಲ್ಲೆಟ್ಟೇ ಇರಲಿ. ಜಾಲಹಳ್ಳಿಯ ಟ್ರೇಡ್ ಟ್ರೈನಿಂಗ್ ಕಥೆ ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ.

ಪಕ್ಕದ ಮಂಚದ ಬಿಹಾರದ ಹುಡುಗನನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ರಾತ್ರಿ ದೀಪ ಆರಿದ ಮೇಲೆ ಪಿಸುಮಾತಿನಲ್ಲಿ 'ದಾಹಿನೇ, ಬಾಯೇ' ಹೇಳಿಕೊಟ್ಟವನು ಅವನೇ ಅಲ್ವಾ? ನನಗೆ ಅವನು ಬೇಕು. ಎಂಟುನೂರು ಪದಗಳೊಳಗೆ ಮತ್ತೆ ಬರೆದು ಕಳಿಸಿ. ಅವನೂ ನಿಮ್ಮಿಂದ ಒಂದಾದರೂ ಕನ್ನಡ ಬೈಗುಳ ಕಲಿತಿರಲೇಬೇಕು. ಅದನ್ನೂ ಹಾಕಿ. ಅಚ್ಚು ಮಾಡಬಹುದಾ ಇಲ್ಲವಾ ಅಂತ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಸಂಪಾದಕ