ಓದುಗರ ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಬ್ರೇಕ್ ಪ್ಯಾಡ್

ಪ್ರಶ್ನೆ: ನನ್ನ ಬೈಕಿನ ಮುಂದಿನ ಡಿಸ್ಕ್ ಬ್ರೇಕಿಗೆ ಆನ್‌ಲೈನ್‌ನಲ್ಲಿ ಪ್ಯಾಡ್ ತರಿಸಿ ಹಾಕಿಸಿದೆ. ಡಬ್ಬಿಯ ಮೇಲೆ ಕಂಪನಿಯದೇ ಹೆಸರಿತ್ತು. ಬೆಲೆ ಮಾತ್ರ ಶೋರೂಮಿನ ಅರ್ಧಕ್ಕಿಂತ ಕಡಿಮೆ. ಮೂರು ವಾರದ ನಂತರ ದೇವರಾಯನದುರ್ಗದಿಂದ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಒಂದು ಪ್ಯಾಡಿನ ಪದರ ಉಕ್ಕಿನ ತಟ್ಟೆಯಿಂದ ಎದ್ದು ಬಂದಿತ್ತು. ಹಿಂದಿರುಗಿಸುವ 7 ದಿನಗಳ ಗಡುವು ಮುಗಿದಿದೆಯೆಂದು ಮಾರಾಟಗಾರರು ಕೈತೊಳೆದುಕೊಂಡಿದ್ದಾರೆ. ಈಗೇನು ಮಾಡಲಿ?
– ಓದುಗರು, ಶಿರಾ

ಉತ್ತರ: ಆ ತಿರುವುಗಳಲ್ಲಿ ನೀವು ಕ್ಷೇಮವಾಗಿ ಇಳಿದು ಬಂದಿರಲ್ಲ, ಅದೇ ದೊಡ್ಡ ಸಮಾಧಾನ. ಆ ಪ್ಯಾಡುಗಳನ್ನು ಗುಜರಿಗೆ ಹಾಕದೆ, ಡಬ್ಬಿ ಮತ್ತು ಬಿಲ್ಲಿನೊಂದಿಗೆ ಜೋಪಾನವಾಗಿಡಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಹಿಡಿತ ತುಸು ಕಡಿಮೆಯಿರುವುದು ಅಸಲಿ ಮಾಲಿನಲ್ಲೂ ಉಂಟು; ಆದರೆ ಮೂರೇ ವಾರದಲ್ಲಿ ಪದರವೇ ಎದ್ದು ಬರುವುದು ಸವೆತವಲ್ಲ, ತಯಾರಿಕೆಯ ದೋಷ.

7 ದಿನಗಳ ಗಡುವು ಅಂಗಡಿಯವರ ನಿಯಮವಷ್ಟೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೋಷಯುಕ್ತ ಅಥವಾ ನಕಲಿ ಸರಕನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಅವರು 48 ಗಂಟೆಗಳೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದಾದ್ದರಿಂದ, ಮಾರಾಟಗಾರ ಯಾವ ಊರಿನವನಾದರೂ ನಿಮ್ಮ ಪ್ರಕರಣ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ನಡೆಯುತ್ತದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ.

ಮುಂದಿನ ಖರೀದಿಯ ಬಗ್ಗೆ ಒಂದು ಮಾತು. ಬೈಕಿನ ಹೆಸರನ್ನೂ ಚಿತ್ರವನ್ನೂ ನೋಡಿ ಬಿಡಿಭಾಗ ತರಿಸಬೇಡಿ, ಏಕೆಂದರೆ ಒಂದೇ ಹೆಸರಿನ ಗಾಡಿಯಲ್ಲಿ ವರ್ಷದಿಂದ ವರ್ಷಕ್ಕೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬದಲಾಗಿರಬಹುದು. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಶೋರೂಮಿನ ಬಿಡಿಭಾಗಗಳ ಕೌಂಟರಿನಲ್ಲಿ ತೋರಿಸಿ ಪಾರ್ಟ್ ನಂಬರ್ ಬರೆದುಕೊಂಡು, ಅದೇ ನಂಬರಿನಿಂದ ಹುಡುಕಿ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ ಇಲ್ಲದಿದ್ದರೆ ಒಳಗಿನದನ್ನು ಗಾಡಿಗೆ ಹಾಕಲೇಬೇಡಿ. ಕನ್ನಡಿ, ಸೀಟ್ ಕವರ್, ಮೊಬೈಲ್ ಹೋಲ್ಡರ್‌ಗಳನ್ನು ನಾನೂ ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಬ್ರೇಕಿನ ಸಾಮಾನನ್ನು ಮಾತ್ರ, ನಾಲ್ಕು ಕಾಸು ಹೆಚ್ಚಾದರೂ, ಕೌಂಟರಿನಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುತ್ತೇನೆ.

ಪ್ರಶ್ನೆ: ರಾತ್ರಿ ತುಮಕೂರಿನಿಂದ ಊರಿಗೆ ಮರಳುವಾಗ ಬೆಳಕು ಸಾಲುತ್ತಿಲ್ಲ. ನನ್ನ ಬೈಕಿನ ಹೆಡ್‌ಲೈಟಿಗೆ 100/90 ವ್ಯಾಟ್ (ಹೈ/ಲೋ ಬೀಮ್) ಬಲ್ಬ್ ತರಿಸಬಹುದೆ?
– ಓದುಗರು, ತಿಪಟೂರು

ಉತ್ತರ: ದಯವಿಟ್ಟು ಬೇಡ. ಹಲವು ಬೈಕುಗಳಲ್ಲಿರುವುದು 35/35 ವ್ಯಾಟಿನ ಎಚ್‌ಎಸ್1 ಮಾದರಿಯ ಬಲ್ಬ್. 12 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 3 ಆಂಪಿಯರ್. 100 ವ್ಯಾಟಿನ ಬಲ್ಬ್ 8 ಆಂಪಿಯರಿಗೂ ಮೀರಿ ಎಳೆಯುತ್ತದೆ. ಹಾಗೆ ಬಲ್ಬ್ ಹಾಕಿಸಿಕೊಂಡಿದ್ದ ಒಂದು ಗಾಡಿಯ ಹೋಲ್ಡರನ್ನು ನಾನು ಬಿಚ್ಚಿದಾಗ ಬಿಳಿಯ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿ, ವೈರಿನ ಹೊದಿಕೆ ಕೈಗೆ ಪುಡಿಪುಡಿಯಾಗಿ ಬಂದಿತು. ಮೊದಲು ರಿಫ್ಲೆಕ್ಟರಿನ ಹೊಳಪು ಮಾಸಿದೆಯೇ, ಅರ್ಥ್ ವೈರಿನ ತುದಿ ತುಕ್ಕು ಹಿಡಿದಿದೆಯೇ ಎಂದು ನೋಡಿಸಿ. ಅವೆರಡನ್ನು ಸರಿಪಡಿಸಿ, ಒಳ್ಳೆಯ ತಯಾರಕರ 35/35 ಬಲ್ಬನ್ನೇ ಹಾಕಿಸಿ.