ಮಳೆಗಾಲದ ಗಾಳಿ, ಮರದ ರೆಕ್ಕೆ

ಪ್ರಶ್ನೆ: ನಕ್ಷೆ ತರಿಸಿಕೊಂಡು ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬರು ಕೂರುವ ಮರದ ವಿಮಾನ ಕಟ್ಟಲು ಹೊರಟಿದ್ದೇನೆ. ದೋಣಿ ಕಟ್ಟುವ ಆಚಾರಿಯೊಬ್ಬರು ಸಾಗವಾನಿ ಮತ್ತು ಮರೈನ್ ಪ್ಲೈವುಡ್ ಸಾಕು, ಮಳೆಗಾಲದಲ್ಲೇ ಆರಂಭಿಸಬಹುದು ಎನ್ನುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಕಾರವಾರ

ಉತ್ತರ: ಆಚಾರಿಯವರನ್ನು ಖಂಡಿತ ಜೊತೆಗಿಟ್ಟುಕೊಳ್ಳಿ; ಮರವನ್ನು ಅವರಷ್ಟು ಬಲ್ಲವರು ಸುಲಭವಾಗಿ ಸಿಗುವುದಿಲ್ಲ. ಆದರೆ ಈ ಎರಡು ಸಲಹೆಗಳನ್ನು ಒಪ್ಪಬೇಡಿ. ಸಾಗವಾನಿಯ ಎಣ್ಣೆಯಂಶವು ಮರ ಕೊಳೆಯದಂತೆ ಕಾಯುತ್ತದೆ ನಿಜ, ಆದರೆ ಅದೇ ಎಣ್ಣೆ ಅಂಟು ಕಚ್ಚುವುದಕ್ಕೆ ಅಡ್ಡಿಯಾಗುತ್ತದೆ. ವಿಮಾನಕ್ಕೆ ಬಳಸುವ ಸಿಟ್ಕಾ ಸ್ಪ್ರೂಸ್ ಎಂಬ ಮರ ಘನ ಮೀಟರಿಗೆ ಸುಮಾರು 430 ಕಿಲೋ ತೂಗಿದರೆ ಸಾಗವಾನಿ ಸುಮಾರು 650 ಕಿಲೋ ತೂಗುತ್ತದೆ. ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆಯಿರುವ ಮರೈನ್ ಪ್ಲೈವುಡ್ ನೀರಿಗೆ ಗಟ್ಟಿಯಾದರೂ, ರೆಕ್ಕೆಗೆ ಬೇಕಾದ ತೆಳುವಾದ, ಪ್ರತಿ ಪದರವನ್ನೂ ಪರೀಕ್ಷಿಸಿದ ವಿಮಾನ ಪ್ಲೈವುಡ್‌ಗೆ ಅದು ಬದಲಿಯಲ್ಲ. ನಕ್ಷೆ ರಚಿಸಿದವರ ಒಪ್ಪಿಗೆಯಿಲ್ಲದೆ ಯಾವ ಮರವನ್ನೂ ಬದಲಿಸಬೇಡಿ.

ಇನ್ನು ಮಳೆಗಾಲದ ವಿಚಾರ. ಮರವು ಸುತ್ತಲಿನ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಗಾಳಿಯ ಆರ್ದ್ರತೆ ಶೇ. 65ರಷ್ಟಿದ್ದರೆ ಮರದೊಳಗಿನ ತೇವ ಶೇ. 12ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 90 ತಲುಪಿದರೆ ಅದು ಶೇ. 20ರ ಸಮೀಪಕ್ಕೆ ಏರುತ್ತದೆ. ಆಷಾಢದಲ್ಲಿ ಉಬ್ಬಿದ ಪಟ್ಟಿಗಳನ್ನು ಹಾಗೆಯೇ ಅಂಟಿಸಿದರೆ ಮಾಘದಲ್ಲಿ ಅವು ಕುಗ್ಗುತ್ತವೆ, ಆಗ ಎಳೆತವೆಲ್ಲ ಅಂಟಿನ ಗೆರೆಯ ಮೇಲೆ ಬೀಳುತ್ತದೆ. ಎರಡು ಭಾಗಗಳನ್ನು ಕಲಸಿ ಬಳಸುವ ಎಪಾಕ್ಸಿ ಅಂಟುಗಳಲ್ಲಿ ಅನೇಕವು ತೇವದ ಗಾಳಿಯಲ್ಲಿ ಗಟ್ಟಿಯಾಗುವಾಗ ಮೇಣದಂಥ ಪದರವನ್ನು ಬಿಡುತ್ತವೆ. ಅದರ ಮೇಲೆ ಮತ್ತೆ ಅಂಟಿಸುವುದಿದ್ದರೆ ಮೊದಲು ನೀರಿನಿಂದ ಒರೆಸಿ ತೆಗೆದು, ಒಣಗಿದ ಬಳಿಕವೇ ಮರಳು ಕಾಗದ ಉಜ್ಜಬೇಕು. ಆದ್ದರಿಂದ ಬಾಗಿಲು ಭದ್ರವಾಗಿ ಮುಚ್ಚುವ ಒಂದು ಸಣ್ಣ ಕೋಣೆಯಲ್ಲಿ ತೇವ ಹೀರುವ ಯಂತ್ರವನ್ನಿಟ್ಟು, ಮರವನ್ನು ಕೆಲವು ವಾರ ಅಲ್ಲಿಯೇ ಒಗ್ಗಲು ಬಿಟ್ಟು, ತೇವಮಾಪಕದಿಂದ ನೋಡಿದ ನಂತರವೇ ಅಂಟು ಕಲಸಿ. ಅದು ಸಾಧ್ಯವಾಗದಿದ್ದರೆ ದೀಪಾವಳಿ ಕಳೆಯುವವರೆಗೆ ಕಾಯುವುದು ಮೇಲು.

ಪ್ರತಿ ಬಾರಿ ಕಲಸಿದ ಅಂಟಿನಿಂದ ಒಂದು ಮಾದರಿ ಜೋಡಣೆಯನ್ನೂ ಮಾಡಿ, ಪೂರ್ತಿ ಗಟ್ಟಿಯಾದ ಮೇಲೆ ಅದನ್ನು ಮುರಿದು ನೋಡಿ. ಮರದ ನಾರು ಕಿತ್ತು ಬಂದರೆ ಜೋಡಣೆ ಸರಿಯಾಗಿದೆ. ಅಂಟಿನ ಗೆರೆಯೇ ನುಣುಪಾಗಿ ಬಿಟ್ಟುಕೊಂಡರೆ, ಎಷ್ಟೇ ಸಂಕಟವಾದರೂ, ಆ ಸಲ ಅಂಟಿಸಿದ್ದೆಲ್ಲವನ್ನೂ ಪಕ್ಕಕ್ಕಿಡಬೇಕು.

ಪ್ರಶ್ನೆ: ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ನಮ್ಮ ದೇಶದಲ್ಲಿ ಅನುಮತಿ ಸಿಗುತ್ತದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಿಕ್ಕಿದ ಉದಾಹರಣೆಯಿದೆ. ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯಲ್ಲಿ ಕಟ್ಟಿದ ವಿಮಾನವು ಹಲವು ವರ್ಷಗಳ ಓಡಾಟದ ಬಳಿಕ 2017ರಲ್ಲಿ ನೋಂದಣಿಯಾಯಿತು. ಮರ ಕೊಳ್ಳುವ ಮೊದಲೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ, ಬರೆದು ನಿಯಮಗಳನ್ನು ತಿಳಿದುಕೊಳ್ಳಿ. ಕಾರವಾರದಲ್ಲಿ ನೌಕಾನೆಲೆಯೂ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರವೂ ಇರುವುದರಿಂದ, ಪರೀಕ್ಷಾ ಹಾರಾಟವನ್ನು ಎಲ್ಲಿ ನಡೆಸಬಹುದೆಂಬುದನ್ನೂ ಅದೇ ಪತ್ರದಲ್ಲಿ ಕೇಳಿ.